ಗುಳ್ಳೆ ಮೇಡಂ ಮತ್ತು ಮೆತ್ತನೆಯ ಹಾಳೆ

"ಸುಳ್ಳು ಹೇಳ್ಬೇಡಿ ಮೇಸ್ತ್ರಿ! ನಾನೇ ಕಣ್ಣಾರೆ ನೋಡ್ದೆ. ಬೇಕಂತಲೇ ಹಾಳೆ ಒಣಗ್ಸಿದೀರಿ!"

ಅವಳು ನೀರು ಕುಡಿದು ಮೆತ್ತಗಿರಬೇಕಾದ ಜೆಲ್ ಹಾಳೆಯನ್ನು ಮೇಜಿನ ಮೇಲೆ ಎಸೆದಳು. ಅದು ಜಾರಿಕೊಂಡು ಬಂದು ಮೇಸ್ತ್ರಿಯ ಮೊಣಕೈಗೆ ತಾಗಿ ನಿಂತಿತು.

ಅವನು ಅದನ್ನು ಬೆರಳಲ್ಲಿ ಒತ್ತಿ ನೋಡಿದ. ಇಪ್ಪತ್ತು ವರ್ಷದಿಂದ ಆ ಪ್ರಯೋಗಾಲಯದಲ್ಲಿ ಹಾಳೆ ಎರಕ ಹೊಯ್ಯುವವನು, ಮಾತು ಒರಟು, ಯಾರಿಗೂ ತಲೆಬಾಗಿದವನಲ್ಲ. ಇವತ್ತು ಮಾತ್ರ ತಲೆ ತಗ್ಗಿತ್ತು.

ಅವಳು ಅಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ತೊಟ್ಟಿಯ ನೀರಲ್ಲಿ ವಿದ್ಯುತ್ ಕಿಡಿ ಹೊಡೆದು ಗುಳ್ಳೆ ಎಬ್ಬಿಸುವುದು, ಪಕ್ಕದಲ್ಲಿಟ್ಟ ಹಾಳೆಯ ಹತ್ತಿರ ಅದು ಏನು ಮಾಡುತ್ತದೆಂದು ಕ್ಯಾಮೆರಾದಲ್ಲಿ ಹಿಡಿಯುವುದು ಅವಳ ಸಂಶೋಧನೆ. ಗಟ್ಟಿ ಗೋಡೆಯಾದರೆ ಗುಳ್ಳೆ ಕುಗ್ಗುತ್ತಾ ಅದರ ಮೇಲೇ ನುಗ್ಗುತ್ತದೆ. ತೀರಾ ಮೆತ್ತಗಿದ್ದರೆ ದೂರ ಸರಿಯುತ್ತದೆ. ನಡುವಿನ ಯಾವುದೋ ಹದದಲ್ಲಿ ಸೊಂಟ ಸಣ್ಣಗಾಗಿ ಎರಡಾಗಿ ಒಡೆಯುತ್ತದೆ. ಆ ಹದ ಸಿಕ್ಕ ದಿನ ಅವಳ ಕೆಲಸ ಮುಗಿದಂತೆ. ಊರಿಗೆ ಹೊರಟಂತೆ.

"ಗುಳ್ಳೆ ಮೇಡಂ" ಎಂದು ಹೆಸರಿಟ್ಟವನು ಅವನೇ. ಒಮ್ಮೆ ಅವಳು ಕೈಹಿಡಿದು ಎಳೆದು ತಂದು ಪರದೆ ತೋರಿಸಿದ್ದಳು.

"ನೋಡಿ, ಗುಳ್ಳೆ ಉಬ್ಬಿದಾಗ ನಿಮ್ಮ ಹಾಳೆ ತಗ್ಗುತ್ತೆ, ಆಮೇಲೆ ಮೇಲೇಳುತ್ತೆ. ಉಸಿರಾಡ್ತಿದೆ!"

"ಅದು ಉಸಿರಾಡ್ಲಿ. ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

ಅವಳು ಕನ್ನಡಕದ ಮೇಲಿಂದ ನೋಡಿದ್ದಳು. ತುಟಿಯಂಚಿನಲ್ಲಿ ನಗು, ಕಣ್ಣಲ್ಲಿ ಇನ್ನೇನೋ. "ನನಗೆ ಬೈಯೋಕೆ ಅಮ್ಮ ಒಬ್ರು ಸಾಲ್ದಾ?"

ಆ ಸಂಜೆ ಅವನು ತನ್ನ ಬಾಡಿಗೆ ಕೋಣೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ, ಒಂದೇ ಕುರ್ಚಿ ಇರುವುದನ್ನು ಮೊದಲ ಸಲ ಕಂಡವನಂತೆ ಕಂಡಿದ್ದ.

ನೀರಲ್ಲೇ ನೆನೆದಿರಬೇಕಾದ ಹಾಳೆಯನ್ನು ಅವನು ಐದು ವಾರದಿಂದ ಪ್ರಯೋಗಕ್ಕೆ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡುತ್ತಿದ್ದ. ಗಾಳಿಗೆ ಅದು ಕೊಂಚ ಬಿಗಿಯುತ್ತಿತ್ತು. ಅವಳ ಲೆಕ್ಕ ತಪ್ಪುತ್ತಿತ್ತು. ಅವಳು ಇನ್ನೊಂದು ವಾರ ಉಳಿಯುತ್ತಿದ್ದಳು.

"ಐದು ವಾರ ನನ್ನ ತಲೆನೇ ಕೆಟ್ಟಿದೆ ಅಂದ್ಕೊಂಡೆ" ಎಂದಳು. "ಬಾತ್‌ರೂಮಲ್ಲಿ ಕೂತು ಅತ್ತಿದೀನಿ. ನೀವೇ ಟೀ ತಂದ್ಕೊಟ್ರಿ! ಯಾಕ್ರೀ ಹೀಗೆ ಮಾಡಿದ್ರಿ?"

"ಮುಗಿದ್ರೆ ಹೋಗ್ಬಿಡ್ತೀರಿ ಅಂತ."



"ಬಾಯಿ ಬಿಟ್ಟು 'ಇರಿ' ಅನ್ಬಹುದಿತ್ತಲ್ಲ?"

"ಅಂದಿದ್ರೆ ಇರ್ತಿದ್ರಾ?"

"ಇರ್ತಿದ್ದೆ." ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಅಮ್ಮನಿಗೂ ಹೇಳಿದ್ದೆ. ಇಲ್ಲೊಬ್ರಿದಾರೆ, ಬಾಯಿ ಕೆಟ್ಟದ್ದು, ಆದ್ರೆ ಕೈಯನ್ನ ಕಣ್ಮುಚ್ಚಿ ನಂಬಬಹುದು ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನು ಎದ್ದು ಒಳಗೆ ಹೋಗಿ, ನೀರಲ್ಲೇ ಇದ್ದ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಅವಳು ಅದನ್ನು ತೊಟ್ಟಿಗಿಳಿಸಿ ಕಿಡಿ ಹೊಡೆದಳು. ಪರದೆಯಲ್ಲಿ ಗುಳ್ಳೆ ಉಬ್ಬಿತು, ನಡು ಸಣ್ಣಗಾಯಿತು, ಎರಡಾಯಿತು.

"ಬಂತಾ?" ಎಂದ.

"ಬಂತು."

ನೋಡಲು ಕರೆಯಲಿಲ್ಲ. ಅಂಕಿ ಬರೆದುಕೊಂಡಳು, ಚೀಲ ಹೆಗಲಿಗೇರಿಸಿದಳು. ದಿನಾ ಬಾಗಿಲಲ್ಲಿ ನಿಂತು "ಬರ್ತೀನಿ ಮೇಸ್ತ್ರಿ" ಅನ್ನುತ್ತಿದ್ದವಳು, "ಹೋಗ್ತೀನಿ" ಎಂದಳು.

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಎಲ್ಲೂ ನಿಲ್ಲದೆ ಇಳಿದುಹೋಯಿತು.