ಹಲಗೆಗೆ ಬಿದ್ದ ಬಿಲ್ಲೆ

ಮಂಗಳವಾರ ಬೆಳಗ್ಗೆ 10.20. ಠಾಣೆಗೆ ಹೆಂಗಸೊಬ್ಬಳು ದೂರು ಕೊಡಲು ಬಂದಳು. ದೂರು ಬರೆದುಕೊಟ್ಟವನು ಜೊತೆಗೆ ಬಂದಿದ್ದ ಅವಳ ತಮ್ಮ. ಗಂಡ ಸತ್ತು ಒಂಬತ್ತು ದಿನ. ಅವನು ಕೆಲಸಕ್ಕಿದ್ದ ಪರಮಾಣು ಪ್ರಯೋಗಾಲಯದವರು 'ಮೃತರ ಅಜಾಗರೂಕತೆಯೇ ಕಾರಣ' ಎಂದು ಕಾಗದ ಕಳಿಸಿ ಕೈತೊಳೆದುಕೊಂಡಿದ್ದರು.

"ಅವರು ಅಂಥವರಲ್ಲ ಸಾರ್. ಅಪ್ಪ ತಪ್ಪು ಮಾಡಿದ್ರಾ ಅಂತ ಮಗಳು ಕೇಳ್ತಾಳೆ. ಏನು ಹೇಳ್ಲಿ?"

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು. ಎಫ್‌ಐಆರ್ ದಾಖಲಿಸಿ, 12.10ಕ್ಕೆ ದಫೇದಾರನೊಂದಿಗೆ ಪ್ರಯೋಗಾಲಯಕ್ಕೆ ಪಂಚನಾಮೆಗೆ ಹೊರಟರು.

ಅಣು ವಿದ್ಯುತ್ ಸ್ಥಾವರದ ಒಡಲು ಕರಗಿ ಕೆಳಗಿನ ನೀರಿಗೆ ಬಿದ್ದರೆ ಏನು ಗತಿ? ಸುಮ್ಮನೆ ಚುಂಯ್ ಎಂದೀತೋ, ನೀರೆಲ್ಲ ಕ್ಷಣದಲ್ಲಿ ಹಬೆಯಾಗಿ ಬಾಂಬಿನಂತೆ ಸಿಡಿದೀತೋ? ಅದನ್ನು ತಿಳಿಯಲೆಂದೇ ಅಲ್ಲಿ ಕರಗಿಸಿದ ಲೋಹವನ್ನು ನೀರಿನ ತೊಟ್ಟಿಗೆ ಸುರಿಯುತ್ತಿದ್ದರು. ಮೂವತ್ತೊಂಬತ್ತು ಸಲ ಚುಂಯ್ ಎಂದಿತ್ತು. ಎಲ್ಲರಿಗೂ ಸಲಿಗೆ ಬಂದುಬಿಟ್ಟಿತ್ತು ನೋಡಿ. ನಲವತ್ತನೆಯ ಸಲ ತೊಟ್ಟಿ ಸಿಡಿದು ಕೆಳಗಿನ ಗೋಡೆಯೇ ಉಳಿಯಲಿಲ್ಲ, ಒಳಗಿದ್ದ ಆ ಹೆಂಗಸಿನ ಗಂಡನೂ ಉಳಿಯಲಿಲ್ಲ.

ತೊಟ್ಟಿಯ ಕೋಣೆಯಿಂದ ಹೊರಬಂದವರು ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಮೇಲಿನ ಹಲಗೆಗೆ ತಮ್ಮ ಹೆಸರಿನ ಬಿಲ್ಲೆ ಸಿಕ್ಕಿಸಬೇಕು. ಎಲ್ಲರ ಬಿಲ್ಲೆ ಬಿದ್ದ ಮೇಲೆಯೇ ಲೋಹ ಸುರಿಯುವ ಸನ್ನೆಕೋಲು ಎಳೆಯುವುದು. ಸತ್ತವನ ಬಿಲ್ಲೆ ಹಲಗೆಯ ಮೇಲೇ ಇತ್ತು. ಬಿಲ್ಲೆ ಹಾಕಿ ಮತ್ತೆ ಒಳಹೊಕ್ಕಿದ್ದಾನೆ ಎಂಬುದು ಪ್ರಯೋಗಾಲಯದವರ ವಾದ.

"ಅವರು ಮೆಟ್ಟಿಲು ಹತ್ತೋದಾ?" ಕಾವಲುಗಾರ ಹುಬ್ಬೇರಿಸಿದ. "ಮೊಣಕಾಲು ಕೈಕೊಟ್ಟು ಎರಡು ತಿಂಗಳಾಯ್ತು ಸಾರ್."

"ಮತ್ತೆ ಬಿಲ್ಲೆ ಯಾರು ಹಾಕ್ತಿದ್ರು?"

"ಇಲ್ಲೇ ಕೆಲಸ ಮಾಡೋ ಅವರ ಭಾವಮೈದ. ಎರಡೂ ಒಟ್ಟಿಗೇ ತಂದು ಹಾಕೋರು."

"ಸನ್ನೆಕೋಲು ಎಳೆಯೋರು?"

"ಅವರೇ."

ದಫೇದಾರ ಬರೆಯುವುದನ್ನು ನಿಲ್ಲಿಸಿದ. ಬೆಳಗ್ಗೆ ದೂರು ಬರೆದುಕೊಟ್ಟ ತಮ್ಮನೇ ಆ ಭಾವಮೈದ.

ಸಂಜೆ 4.30ಕ್ಕೆ ಠಾಣೆಯಲ್ಲಿ ಹೇಳಿಕೆ. ತಮ್ಮ ಏನನ್ನೂ ಮುಚ್ಚಿಡಲಿಲ್ಲ.

"ನೀನು ಹೋಗಿರು, ಒಂದು ತಿರುಪು ಬಿಗಿಸಿ ಕೆಳಗಿನ ಬಾಗಿಲಿಂದ ಹೊರಗೆ ಬರ್ತೀನಿ ಅಂದ್ರು ಭಾವ. ದಿನಾ ಹಾಗೇ ಬರೋರು. ನಾನೇ ಬಿಲ್ಲೆ ಹಾಕ್ದೆ, ನಾನೇ ಎಣಿಸ್ದೆ, ನಾನೇ ಎಳೆದೆ ಸಾರ್."

"ದೂರು ಯಾಕೆ ಬರೆದೆ?"

"ಅಕ್ಕನ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ. ನೀವಾದ್ರೂ ಕಂಡುಹಿಡೀತೀರ ಅಂತ."

5.40ಕ್ಕೆ ಬಂಧನ. ಭಾವನ ನೋಯುವ ಕಾಲಿಗೆ ಮೆಟ್ಟಿಲು ತಪ್ಪಿಸಲು ಹೋಗಿ ಮಾಡಿದ ಅಪರಾಧ ಎಂದು ಇನ್ಸ್‌ಪೆಕ್ಟರ್ ಕಡತದಲ್ಲಿ ಬರೆದರು. ಬೇರೆ ಕಾರಣ ಹುಡುಕಿದರೂ ಸಿಗುತ್ತಿರಲಿಲ್ಲ.

ವಿಷಯ ತಿಳಿದು ಅಕ್ಕ ಒಳಗೆ ಬಂದಳು. ತಮ್ಮನ ಬೆನ್ನಿಗೆ ದಬದಬನೆ ಗುದ್ದಿದಳು. ಅವನು ತಲೆ ಎತ್ತಲಿಲ್ಲ, ಯಾರೂ ತಡೆಯಲಿಲ್ಲ. ಕೈ ಸೋತ ಮೇಲೆ ಅವನ ಪಕ್ಕದಲ್ಲೇ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಾರ್," ಎಂದಳು, "ಇವನ ಜಾಮೀನಿಗೆ ನಾನೇ ಸಹಿ ಹಾಕಬಹುದಾ?"