ಸೀಗಲಹಟ್ಟಿಯ ಕರುಗಲ್ಲು

ಕಲ್ಲು ಇರಲಿಲ್ಲ.

ಲಲಿತಾ ಅರಿಸಿನ ಕುಂಕುಮದ ಪೊಟ್ಟಣ ಹಿಡಿದು ಅಲ್ಲೇ ನಿಂತುಬಿಟ್ಟಳು. ಹೋದ ಭಾನುವಾರ ಇತ್ತು. ಸೊಂಟದೆತ್ತರ, ನುಣ್ಣಗೆ, ಎಣ್ಣೆ ಕುಡಿದು ಕಪ್ಪಾದ ಕಲ್ಲು. ಇವತ್ತು ಮಂಗಳವಾರ. ಕಲ್ಲಿದ್ದ ಕಡೆ ಹೊಸದಾಗಿ ಉತ್ತ ಕೆಂಪು ಮಣ್ಣು, ಅಷ್ಟೇ.

ಅವಳು ಅಮರಾಪುರದ ಪೊಲೀಸ್ ಠಾಣೆಗೆ ಬಂದಾಗ ಎ.ಎಸ್.ಐ. ಮೈಲಾರಮ್ಮ ಚಹಾ ಕುಡಿಯುತ್ತಿದ್ದರು. ರಾಯದುರ್ಗದ ಕಡೆಯ ಹೆಣ್ಣು. ಇಲ್ಲಿಗೆ ವರ್ಗವಾಗಿ ಎಂಟು ತಿಂಗಳಾದರೂ ಮಾತು ಮಾತ್ರ ಬಳ್ಳಾರಿ ಸೀಮೆಯದೇ.

"ಏನ್ ಕಳವಾಗೈತ್ರಿ?"

"ಕಲ್ಲು ಮೇಡಂ."

ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಮೈಲಾರಮ್ಮ ಅವನತ್ತ ಒಂದು ಸಲ ನೋಡಿದರು. ಅವನು ಫೈಲು ಹುಡುಕುವ ನೆಪದಲ್ಲಿ ಎದ್ದು ಹೋದ.

"ಕುಂದರ್ರಿ. ಮೊದ್ಲಿಂದ ಹೇಳ್ರಿ."

ಲಲಿತಾ ಹೇಳಿದಳು. ಅವಳು ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಅವಳೂರು ಸೀಗಲಹಟ್ಟಿ, ಆದರೆ ಆ ಊರು ಈಗಿಲ್ಲ. ಒಂದೊಂದೇ ಮನೆಯವರು ಗಾರ್ಮೆಂಟ್ಸಿನ ಕೆಲಸ ಹಿಡಿದು ಹೊರಟುಹೋದರು. ಕೊನೆಯ ಮನೆಗೆ ಬೀಗ ಬಿದ್ದು ಹತ್ತು ವರ್ಷವಾಯಿತು. ಮಣ್ಣಿನ ಗೋಡೆಗಳು ಮಳೆಗೆ ಕರಗಿದವು. ಕಲ್ಲು ಕಂಬ, ಬಾಗಿಲು ಯಾರ್‍ಯಾರ ಪಾಲಾದವೋ. ಉಳಿದದ್ದು ಊರು ಕಟ್ಟಿದ ದಿನ ಹಿರಿಯರು ನಡು ಊರಲ್ಲಿ ನೆಟ್ಟ ಕರುಗಲ್ಲು ಒಂದೇ.

"ಈಗ ಸೋಲಾರ್ ಕಂಪನಿಯವ್ರು ಬಂದವ್ರೆ ಮೇಡಂ. ಅವ್ರ ಏಜೆಂಟ್ ರಘುನಾಥ್ ಅಂತ. ಅದು ಯಾವತ್ತೂ ಊರಲ್ಲ, ಬರೀ ಹೊಲ, ಪಟ್ಟಾ ನನ್ನತ್ರ ಐತೆ ಅಂತಾನೆ. ನಾವು ಎಂಟು ಮನೆಯೋರು ಅರ್ಜಿ ಹಾಕಿದೀವಿ, ಅದು ಗ್ರಾಮಕಂಠ, ನಮ್ಮ ಮನೆಗಳಿದ್ದ ಜಾಗ ಅಂತ. ನಾಳೆ ಹನ್ನೊಂದಕ್ಕೆ ತಹಸೀಲ್ದಾರ್ ಸ್ಥಳ ನೋಡೋಕೆ ಬರ್ತಾರೆ. ಕರುಗಲ್ಲಿದ್ರೆ ಊರು. ಇಲ್ದಿದ್ರೆ ನಾವೆಲ್ಲಾ ಸುಳ್ಳರು."

ಮೈಲಾರಮ್ಮ ಲೋಟ ಕೆಳಗಿಟ್ಟರು. "ನಡೀರಿ, ನೋಡೋಣು."

* * *

ಮೂರು ಎಕರೆಯಷ್ಟು ನೆಲ. ಒಂದು ಕಡೆ ಬೇವಿನ ಮರ, ಇನ್ನೊಂದು ಕಡೆ ಬತ್ತಿದ ಬಾವಿ. ನಡುವೆ ಅರ್ಧ ಎಕರೆ ಮಾತ್ರ ಹೊಸದಾಗಿ ಉತ್ತಿದ್ದರು. ಅಲ್ಲಿಂದ ಟ್ರಾಕ್ಟರಿನ ಗುರುತು ನೇರ ಡಾಂಬರು ರಸ್ತೆಗೆ ಹೋಗಿತ್ತು.

"ನಿಧಿ ಆಸೆಗೆ ಯಾರೋ ಹೊತ್ಕೊಂಡು ಹೋಗಿರ್ತಾರೆ ಮೇಡಂ" ಎಂದ ಕಾನ್‌ಸ್ಟೇಬಲ್. "ಟ್ರಾಕ್ಟರ್ ಗುರುತು ನೋಡಿ, ಕಲ್ಲು ಆಗ್ಲೇ ಜಿಲ್ಲೆ ದಾಟಿರುತ್ತೆ."

ಮೈಲಾರಮ್ಮ ಬಗ್ಗಿ ಗುರುತಿನ ಉದ್ದಕ್ಕೂ ರಸ್ತೆಯವರೆಗೆ ನಡೆದು ವಾಪಸ್ ಬಂದರು. ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದರು, "ಟ್ರೇಲರ್ ಗಾಲಿ ಎಲ್ಲೈತಿ ತೋರ್ಸು."

ಅವನು ಹುಡುಕಿದ. ಇರಲಿಲ್ಲ.

"ಬರೀ ಎಂಜಿನ್ ಬಂದೈತಿ, ಬರೀ ಎಂಜಿನ್ ಹೋಗೈತಿ. ಐದು ಕ್ವಿಂಟಲ್ ಕಲ್ಲನ್ನ ಡ್ರೈವರ್ ತೊಡೀ ಮ್ಯಾಲೆ ಇಟ್ಕೊಂಡು ಹೋದ್ನೇನು? ಎಳ್ಕೊಂಡು ಹೋಗಿದ್ರ ನೆಲ ಸೀಳಿರ್ತಿತ್ತು. ಉತ್ತ ನೆಲದಾಚೆ ಒಂದು ಗೀರೂ ಇಲ್ಲ. ಕಲ್ಲು ಇಲ್ಲೇ ಐತಿ."

ಅಷ್ಟರಲ್ಲಿ ಲಲಿತಾ ಉತ್ತ ಮಣ್ಣಿನಲ್ಲಿ ನಡೆಯುತ್ತಾ ಒಂದು ಕಡೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮುಂದೆ ಹೋದಳು. ಮೈಲಾರಮ್ಮ ಅದನ್ನೂ ನೋಡಿದರು.

"ಅಲ್ಲ್ಯಾಕ ಚಪ್ಲಿ ಬಿಟ್ರಿ?"

ಲಲಿತಾ ಕಾಲು ನೋಡಿಕೊಂಡು ನಾಚಿದಳು. "ಕಲ್ಲು ಇದ್ದಿದ್ದು ಇಲ್ಲೇ ಮೇಡಂ. ಕಲ್ಲಿನ ಮುಂದೆ ನಮ್ಮೂರೋರು ಯಾರೂ ಮೆಟ್ಟು ಹಾಕ್ಕೊಂಡು ಹೋಗಲ್ಲ. ದಿನಕ್ಕೆ ಹತ್ತು ಸಲ ಓಡಾಡಿದ ಜಾಗ, ಕಾಲು ತಾನಾಗೇ ಬಿಡ್ತು."

"ನಿಮ್ಮ ಪರ್ಸಿನಾಗ ಗುಂಡಿ ಅದಾವೇನು?"

ಗಾರ್ಮೆಂಟ್ಸಿನವಳ ಪರ್ಸಿನಲ್ಲಿ ಅಂಗಿ ಗುಂಡಿಗೇನು ಬರವೇ. ಮೈಲಾರಮ್ಮ ಚಪ್ಪಲಿ ಬಿಟ್ಟ ಜಾಗದಲ್ಲಿ ಒಂದು ಬಿಳಿ ಗುಂಡಿಯನ್ನು ಮಣ್ಣಿಗೆ ಒತ್ತಿ ಮೇಲೆ ಮಣ್ಣು ಎಳೆದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಬಾವಿಯಲ್ಲಿ ಇಣುಕಿದರು. ಕಸ, ಒಣಗಿದ ಮುಳ್ಳು. ಕಲ್ಲಿಲ್ಲ.

* * *

ಬೇವಿನ ಆಚೆ ದೊಡ್ಡಬೀರಪ್ಪನ ಕುರಿ ರೊಪ್ಪ. ಎಪ್ಪತ್ತು ದಾಟಿದ ಮುದುಕ, ಪಕ್ಕದೂರಿನವನು. ಸೋಮವಾರ ಕುರಿ ಸಂತೆಗೆ ಹೋಗಿದ್ದೆ, ಏನೂ ನೋಡಲಿಲ್ಲ ಎಂದ.

"ಯಜಮಾನ್ರೇ, ಈ ನೆಲದಾಗ ಸೊಂಟದೆತ್ತರದ ಕಲ್ಲನ್ನ ಎಲ್ಲಿ ಮುಚ್ಚಿಡಬೌದು?"

ಮುದುಕ ತಡವರಿಸಿದ. ಆಮೇಲೆ ಹೇಳಿದ, "ಹಗೇವು ಇದ್ವು ಕಣವ್ವ. ರಾಗಿ ತುಂಬೋ ಗುಂಡಿ. ಮನೆಗೊಂದು, ನೆಲದೊಳ್ಗೆ. ಮೇಲೆ ಬಾಯಿ ಸಣ್ಣದು, ಒಳ್ಗೆ ಕೋಣೆ ಇದ್ದಂಗೆ. ಚಪ್ಪಡಿ ಮುಚ್ಚಿ ಮಣ್ಣು ಎಳುದ್ರೆ ಮೇಲೆ ನಡೆದ್ರೂ ತಿಳಿಯಲ್ಲ."

"ಎಲ್ಲಿ ಅದಾವ?"

"ಅದು ಆಯಾ ಮನೆಯೋರಿಗೇ ಗೊತ್ತು. ಕಳ್ಳರ ಕಾಟಕ್ಕೆ ಹೊರಗಿನೋರಿಗೆ ತೋರುಸ್ತಿರಲಿಲ್ಲ."

ಲಲಿತಾ ಹಗೇವಿನ ಹೆಸರು ಕೇಳಿದ್ದಳೇ ಹೊರತು ಕಂಡಿರಲಿಲ್ಲ. ಅವಳು ಹುಟ್ಟುವ ಹೊತ್ತಿಗೆ ರಾಗಿ ಚೀಲಕ್ಕೆ ಬಂದಿತ್ತು.

ಕಾನ್‌ಸ್ಟೇಬಲ್ ಕಿವಿಯಲ್ಲಿ ಉಸುರಿದ, "ಈ ಮುದುಕನೇ ಮೇಡಂ. ಹಗೇವು ಗೊತ್ತಿರೋ ವಯಸ್ಸಿನವನು ಇಲ್ಲಿ ಇವನೊಬ್ಬನೇ." ಇನ್ಸ್‌ಪೆಕ್ಟರ್ ಫೋನಿನಲ್ಲಿ ಅದನ್ನೇ ಅಂದರು. ನಾಳೆ ಮಧ್ಯಾಹ್ನದೊಳಗೆ ಕಲ್ಲು ಸಿಗದಿದ್ದರೆ ಬೀರಪ್ಪನನ್ನು ಠಾಣೆಗೆ ಕರೆತನ್ನಿ ಎಂದರು.

* * *

ಬುಧವಾರ ಹನ್ನೊಂದಕ್ಕೆ ತಹಸೀಲ್ದಾರರ ಜೀಪು ಬಂತು. ಹಿಂದೆಯೇ ರಘುನಾಥನ ಕಾರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಅಂಗಿ, ಬೆಳ್ಳಗಿನ ಚಪ್ಪಲಿ, ನಯವಾದ ಮಾತು.

"ನಾನು ಧರ್ಮಾವರದವನು ಮೇಡಂ. ಕನ್ನಡ ಸ್ವಲ್ಪ ಸ್ವಲ್ಪ."

"ಈ ಜಾಗಕ್ಕ ಮೊದ್ಲು ಬಂದಿದ್ರೇನು?"

"ಇಲ್ಲ ಮೇಡಂ. ಪೇಪರ್ ನೋಡಿ ತಗೊಂಡಿದ್ದು. ಇವತ್ತೇ ಫಸ್ಟ್."

ಲಲಿತಾಳನ್ನು ಬಾವಿಯ ಹತ್ತಿರವೇ ನಿಲ್ಲಿಸಿ ಉಳಿದವರು ನೆಲದ ಮೇಲೆ ನಡೆದರು. ತಹಸೀಲ್ದಾರರು ಬೂಟಿನಲ್ಲಿ, ಮೈಲಾರಮ್ಮ ಬೂಟಿನಲ್ಲಿ, ರಘುನಾಥ್ ನಕ್ಷೆ ಬಿಚ್ಚಿಕೊಂಡು ಸರ್ವೆ ನಂಬರು ವಿವರಿಸುತ್ತಾ. "ನೋಡಿ ಸಾರ್, ಬರೀ ಹೊಲ. ಊರು ಎಲ್ಲಿದೆ?"

ಲಲಿತಾಳ ಮುಖ ಬಾಡಿತು. ತಹಸೀಲ್ದಾರರು ಪೆನ್ನು ತೆಗೆದರು.

"ಐದು ನಿಮಿಷ ಸರ್" ಎಂದರು ಮೈಲಾರಮ್ಮ. ಫೋನ್ ತೆಗೆದು ಜೋರಾಗಿ ಮಾತಾಡಿದರು. "ಜೆಸಿಬಿ ಕಳಿಸ್ರಿ. ಹೌದ್ರಿ, ದೊಡ್ಡ ಬಕೆಟ್ಟಿಂದು. ಉತ್ತ ನೆಲ ಪೂರ್ತಿ ಹತ್ತಡಿ ಅಗೀಬೇಕು. ಅಡ್ಡ ಏನು ಬಂದ್ರೂ ಒಡದು ತೆಗೀರಿ."

"ಜೆಸಿಬಿ ಬ್ಯಾಡ ಮೇಡಂ. ಕಲ್ಲಿಗೆ ಪೆಟ್ಟಾಗ್ತದೆ."

ಅಚ್ಚ ಅಮರಾಪುರದ ಕನ್ನಡ. ಹೇಳಿದವನು ರಘುನಾಥ್. ಹೇಳಿದ ಮೇಲೆ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡ.

"ಯಾವ ಕಲ್ರಿ?" ಮೈಲಾರಮ್ಮ ಫೋನನ್ನು ಜೇಬಿಗೆ ಹಾಕಿದರು. ಆ ಕಡೆ ಯಾರೂ ಇರಲೇ ಇಲ್ಲ. "ಇಲ್ಲಿ ಊರೇ ಇರ್ಲಿಲ್ಲ, ಇವತ್ತೇ ಫಸ್ಟ್ ಅಂತೀರಿ. ಇರ್ಲಿ. ನಿಮ್ಮ ಚಪ್ಲಿ ಎಲ್ಲದಾವ?"

ಎಲ್ಲರೂ ಅವನ ಕಾಲು ನೋಡಿದರು. ಬರಿಗಾಲು. ಬೆಳ್ಳಗಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ, ಉತ್ತ ಮಣ್ಣಿನ ಮೇಲೆ ಜೋಡಿಯಾಗಿ ಇದ್ದವು.

"ಮುಳ್ಳು... ಮುಳ್ಳು ಚುಚ್ಚಿತ್ತು."

ಮೈಲಾರಮ್ಮ ಚಪ್ಪಲಿಯ ಪಕ್ಕ ಮಣ್ಣು ಕೆದಕಿ ಬಿಳಿ ಗುಂಡಿಯನ್ನು ಎತ್ತಿ ತೋರಿಸಿದರು. "ನಿನ್ನೆ ಈ ಹೆಣ್ಮಗಳು ಚಪ್ಲಿ ಬಿಟ್ಟಿದ್ದು ಇಲ್ಲೇ. ನೀವು ಬಿಟ್ಟಿದ್ದೂ ಇಲ್ಲೇ. ನಾವ್ಯಾರೂ ಬಿಡ್ಲಿಲ್ಲ, ಯಾಕಂದ್ರ ನಮಗ ಇಲ್ಲೇನೂ ಕಾಣ್ಸೋದಿಲ್ಲ. ಈ ಊರಾಗ ಬೆಳೆದೋರ ಕಾಲಿಗೆ ಮಾತ್ರ ಕಲ್ಲು ಎಲ್ಲಿತ್ತು ಅಂತ ಗೊತ್ತು."

ರಘುನಾಥ್ ಕೈಯಲ್ಲಿದ್ದ ನಕ್ಷೆಯನ್ನು ಮಡಚಿದ. ಉತ್ತ ನೆಲದಲ್ಲೇ ಬೇವಿನ ಕಡೆಯ ಅಂಚಿಗೆ ಕೈ ತೋರಿಸಿದ.

* * *

ಗುದ್ದಲಿಗೆ ಚಪ್ಪಡಿ ಸಿಕ್ಕಿತು. ಎತ್ತಿದರೆ ಹೊಸ ರಾಗಿ ಹುಲ್ಲು, ಅದರ ಕೆಳಗೆ ಕತ್ತಲೆ ಬಾಯಿ. ಬೀರಪ್ಪ ಯಾರನ್ನೂ ಇಳಿಯಗೊಡಲಿಲ್ಲ. ಮೊದಲು ದೀಪ ಇಳಿಬಿಟ್ಟ, ಒಳಗಿನ ಗಾಳಿ ಕೆಟ್ಟಿದ್ದರೆ ಆರುತ್ತದೆ ಅಂತ. ದೀಪ ಆರಲಿಲ್ಲ. ಅದರ ಬೆಳಕಿನಲ್ಲಿ ಕರುಗಲ್ಲು ಗೋಡೆಗೆ ಒರಗಿ ನಿಂತಿತ್ತು, ಮುಕ್ಕಾಗದೆ.

ಲಲಿತಾ ಜೋರಾಗಿ ಅತ್ತುಬಿಟ್ಟಳು. ಆ ಅಳುವಿನಲ್ಲಿ ಗೆದ್ದವಳ ಖುಷಿಯೇ ತುಂಬಿತ್ತು.

ತಹಸೀಲ್ದಾರರು ಕೇಳಿದರು, "ಮೈಲಾರಮ್ಮನವರೇ, ಮೊದಲಿಂದ ಇವನ ಮೇಲೇ ಅನುಮಾನವಿತ್ತಾ?"

"ಲಾಭ ಇವಂದೇ ಸರ್, ಅನುಮಾನ ಇತ್ತು. ಆದ್ರ ಹೊರಗಿನವ ಹಗೇವು ಹೆಂಗ ಕಂಡ ಅಂತ ತಿಳೀಲಿಲ್ಲ. ಬೀರಪ್ಪಗ ಗೊತ್ತಿದ್ರೂ ಅವನೇ ಹಗೇವಿನ ಮಾತೆತ್ತಿದ. ಮುಚ್ಚಿಟ್ಟವ ಹಂಗ ಹೇಳ್ತಾನೇನು? ಇನ್ನು ಕಳ್ಳನ ತಪ್ಪು ಒಂದೇ. ಕಲ್ಲು ಒಡದು ಚೂರು ಮಾಡಿದ್ರ ನಾವು ಸೋಲ್ತಿದ್ವಿ. ನಿನ್ನೆ ನೆಲದಾಗ ಒಂದು ಚೂರೂ ಕಾಣ್ಲಿಲ್ಲ, ಅಂದ್ರ ಒಡೀಲಿಲ್ಲ. ಅದಕ್ಕ ಅನ್ಕೊಂಡೆ, ಕದ್ದವ ಈ ಊರವನೇ ಇರಬೇಕು, ಒಡೀತೀನಿ ಅಂದ್ರ ತಡೀತಾನ ಅಂತ."

"ಸಿರಾ ಕಡೆಯಿಂದ ಟ್ರಾಕ್ಟರ್ ತಂದು ನಾನೇ ಓಡಿಸ್ದೆ" ಎಂದ ರಘುನಾಥ್. "ಸರಪಳಿ ಹಾಕಿ ಎಳೆದು ಇಳಿಬಿಟ್ಟೆ. ಆಮೇಲೆ ಉತ್ತುಬಿಟ್ಟೆ. ಸುತ್ತಿಗೆ ಕೂಡ ತಂದಿದ್ದೆ. ಕೈ ಏಳ್ಲಿಲ್ಲ."

ಬೀರಪ್ಪ ಹಗೇವಿನ ಬಾಯಿಯನ್ನೂ ಅವನ ಮುಖವನ್ನೂ ಮತ್ತೆ ಮತ್ತೆ ನೋಡಿದ. "ಇದು ಕಾಟಮ್ಮನ ಮನೆ ಜಾಗ. ಗಂಡ ಸತ್ತ ಮೇಲೆ ಮಗನ್ನ ಕಟ್ಕೊಂಡು ಎಲ್ಲರಿಗಿಂತ ಮುಂಚೆ ಊರು ಬಿಟ್ಳು. ನೀನು ಆ ಮಗನೇನಪ್ಪ?"

"ಅವ್ವ ಧರ್ಮಾವರದಾಗ ಅವಳೆ" ಎಂದ ರಘುನಾಥ್.

ಕಾನ್‌ಸ್ಟೇಬಲ್ ಅವನನ್ನು ಜೀಪು ಹತ್ತಿಸಿದ. ತಹಸೀಲ್ದಾರರು ಬಾನೆಟ್ ಮೇಲೆ ಕಾಗದ ಹರಡಿ ಬರೆಯತೊಡಗಿದರು.

"ಸೀಗಲಹಟ್ಟಿ. ಗ್ರಾಮಕಂಠ. ಅರ್ಜಿಯಲ್ಲಿ ಎಂಟು ಮನೆ. ಎಂಟೇ ತಾನೇ ಅಮ್ಮ?"

ಲಲಿತಾ ಜೀಪಿನ ಕಡೆ ಒಮ್ಮೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಂಬತ್ತು ಬರ್ಕೊಳ್ಳಿ ಸಾರ್. ಒಂಬತ್ನೇದು ಕಾಟಮ್ಮಂದು. ಆ ಅಮ್ಮ ಏನೂ ಕದ್ದಿಲ್ಲ."