ನಲವತ್ತು ನಿಮಿಷದ ನೀರು

ಚಾಕುವಿನ ಮೊನೆ ನನ್ನ ಪಕ್ಕೆಲುಬಿಗೆ ತಾಗಿತ್ತು. ಹಿಡಿದವನು ನಗುತ್ತಿದ್ದ.

"ಪಾಸ್‌ಪೋರ್ಟ್ ಕೊಡು, ಅಸ್ಸೋ," ಅಂದ ಬೆಲಿಂಗ.

ನಮ್ಮ ಡುವಾಲಾ ಪಟ್ಟಣದಲ್ಲಿ ಗಿರಾಕಿಯನ್ನೂ ಅಸ್ಸೋ ಅನ್ನುತ್ತೇವೆ, ಇರಿಯುವ ಮುನ್ನ ಎದುರಿಗಿದ್ದವರನ್ನೂ ಅಸ್ಸೋ ಅನ್ನುತ್ತೇವೆ.

"ಯಾರ ಪಾಸ್‌ಪೋರ್ಟು?"

"ಆ ಮುದುಕೀದು. ದೂತಾವಾಸದ ಮುಂದಿನ ಸಾಲು ನಂದು, ಅಲ್ಲಿ ಜಾಗ ಮಾರೋನು ನಾನು. ನನ್ನ ಸಾಲಲ್ಲಿ ನಿಲ್ಲದೆ ವೀಸಾ ಹೆಂಗೆ ಬಂತು?"

"ಒಳಗಿನ ಗುಮಾಸ್ತ ನನ್ನ ಕಾಲೇಜಿನವನು. ಲಾ ಓದಿದ್ದಕ್ಕೆ ಅಷ್ಟಾದ್ರೂ ಸಿಗಬೇಡ್ವಾ?"

"ಸಿಗ್ಲಿ. ಆ ಪುಟ ಹರಿದು ನಿನ್ನ ಕೈಗೇ ಕೊಡ್ತೀನಿ. ಫ್ರೇಮ್ ಹಾಕಿಸ್ಕೋ."

ಗುರುವಾರ ಬೆಳಿಗ್ಗೆ ಎಂಟೂವರೆ. ವಿಮಾನ ಹನ್ನೊಂದಕ್ಕೆ.

ನನ್ನ ಎಡಕ್ಕೆ ಒಬ್ಬ ಹೆಂಗಸು ಹಿಟ್ಟಿನುಂಡೆ, ಬೆನ್ಯೆ, ಕರಿಯುತ್ತಿದ್ದಳು. ಬಾಣಲೆ ತುಂಬ ಎಣ್ಣೆ ಕುದಿಯುತ್ತಿತ್ತು.

ಬಾಣಲೆಯನ್ನು ಅವನ ಕಾಲ ಮೇಲೆ ಬೀಳುವಂತೆ ಒದ್ದೆ.

ಬೆಲಿಂಗ ಕಿರುಚಿದ. ಬೆನ್ಯೆಯವಳು ಅವನಿಗಿಂತ ಜೋರಾಗಿ ಕಿರುಚಿದಳು. ಅವಳದು ಎಣ್ಣೆಯ ದುಃಖ. ನಾನು ಓಡಿ ಮೊದಲು ಸಿಕ್ಕ ಬೈಕ್ ಟ್ಯಾಕ್ಸಿ ಹತ್ತಿದೆ.

"ಏರ್‌ಪೋರ್ಟ್. ಹಿಂದೆ ಒಬ್ಬ ಬರ್ತಾನೆ."

"ಗಂಡನಾ?"

"ಅಲ್ಲ."

"ಹಾಗಾದ್ರೆ ತಪ್ಪಿಸ್ಕೋಬಹುದು ಬಿಡಿ," ಅಂದು ಅವನು ಫುಟ್‌ಪಾತಿಗೆ ಬೈಕ್ ಹತ್ತಿಸಿದ.

ನಾನು ಸಿದೋನಿ. ಬೇರೆಯವರ ಕಾಗದ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯುವುದು ನನ್ನ ಕಸುಬು. ನಮ್ಮ ದಂಡೆಯಿಂದ ನೋಡಿದರೆ ಶುಭ್ರ ಬೆಳಗಿನಲ್ಲಿ ಎದುರಿಗೆ ಒಂದು ದ್ವೀಪ ಕಾಣುತ್ತದೆ. ಬೇರೆ ದೇಶ. ವಿಮಾನ ನೇರ ಹಾರಿದರೆ ನಲವತ್ತು ನಿಮಿಷ. ನೇರ ಹಾರುವ ವಿಮಾನ ಮಾತ್ರ ಇಲ್ಲ. ಟಿಕೆಟ್ ಕೊಂಡರೆ ಮರುಭೂಮಿ ದಾಟಿ, ಸಮುದ್ರ ದಾಟಿ, ಉತ್ತರದ ಒಂದು ದೊಡ್ಡ ನಗರದಲ್ಲಿ ಇಳಿದು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಇಪ್ಪತ್ತೊಂದು ಗಂಟೆ. ನಮಗೆ ವಾರಕ್ಕೆ ಹತ್ತು ವೀಸಾ. ಎಣ್ಣೆ ಬಾವಿ ತೋಡಲು ದೂರದಿಂದ ಬರುವ ಕೆಂಪು ಪಾಸ್‌ಪೋರ್ಟಿನವರಿಗೆ ವೀಸಾ ಬೇಕಿಲ್ಲ.

ಎಫೋಸಿ ಆ ಮುದುಕಿಯ ಹೆಸರು. ಗೌರವಕ್ಕೆ ನ್ಯಾಂಗೊ ಅನ್ನುತ್ತೇವೆ. ಮಗಳು ಲಿಮುಂಗ ದ್ವೀಪದ ಹೋಟೆಲೊಂದರಲ್ಲಿ ಅಡುಗೆಗೆ ಇದ್ದಳು. ಹೋದ ವಾರ ಬುಧವಾರ ಹೆರಿಗೆಯಲ್ಲಿ ಸತ್ತಳು. ಮಗು ಉಳಿಯಿತು, ಹೆಣ್ಣು. ಆಸ್ಪತ್ರೆ ಪತ್ರ ಕಳಿಸಿತ್ತು: ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ರಕ್ತಸಂಬಂಧಿ ಖುದ್ದಾಗಿ ಬಂದು ಸಹಿ ಹಾಕಬೇಕು. ಇಲ್ಲದಿದ್ದರೆ ಮಗು ಸರಕಾರಿ ಅನಾಥಾಲಯಕ್ಕೆ. ಅಲ್ಲಿಂದ ಯಾರೂ ಮಗುವನ್ನು ವಾಪಸ್ ಪಡೆದಿಲ್ಲ.

ಏರ್‌ಪೋರ್ಟಿನಲ್ಲಿ ನ್ಯಾಂಗೊ ಕಾದಿದ್ದಳು. ಮಡಿಲಲ್ಲಿ ಮಗುವಿನ ಬಟ್ಟೆಯ ಗಂಟು.

ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು. ಟಿಕೆಟ್ ನೋಡಿದಳು. ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಟಿಕೆಟಲ್ಲಿ ಹುಟ್ಟಿದ್ದು ಜನವರಿ ಒಂದು, ಸಾವಿರದೊಂಬೈನೂರ ಐವತ್ತೇಳು. ಪಾಸ್‌ಪೋರ್ಟಲ್ಲಿ ಬರೀ ಐವತ್ತೇಳು. ದಿನ ಇಲ್ಲ, ತಿಂಗಳಿಲ್ಲ."

ಆ ತಾರೀಖು ತುಂಬಿದ್ದು ನಾನೇ.

ನಮ್ಮ ಹಿರಿಯರು 'ಸುಮಾರು' ಹುಟ್ಟಿದವರು. ಸುಮಾರು ಐವತ್ತೇಳು, ಸುಮಾರು ಅರವತ್ತು. ಕಂಪ್ಯೂಟರಿಗೆ ಸುಮಾರು ಗೊತ್ತಿಲ್ಲ, ಅದಕ್ಕೆ ತಾರೀಖು ಬೇಕು. ಹಾಗಾಗಿ ನಮ್ಮ ಕಸುಬಿನವರೆಲ್ಲ ಕಣ್ಣು ಮುಚ್ಚಿಕೊಂಡು ಜನವರಿ ಒಂದು ಅಂತ ತುಂಬುತ್ತೇವೆ. ನನ್ನ ಕೈಯಲ್ಲೇ ಅರವತ್ತು ಮುದುಕರು ಆ ದಿನ ಹುಟ್ಟಿದ್ದಾರೆ. ಉತ್ತರದ ಆ ನಗರ ಈ ತಿಂಗಳಿಂದ ನಿಯಮ ಬದಲಿಸಿತ್ತು. ಪಾಸ್‌ಪೋರ್ಟಿನಲ್ಲಿ ಖಾಲಿ ಇದ್ದರೆ ಟಿಕೆಟಿನಲ್ಲೂ ಖಾಲಿ. ಸುತ್ತೋಲೆ ನನಗೂ ಬಂದಿತ್ತು.

ಓದಿರಲಿಲ್ಲ.

"ಸರಿಮಾಡಿ ಕೊಡಮ್ಮ," ಅಂದೆ.

"ಇಲ್ಲಿಂದ ಆಗಲ್ಲ ಮೇಡಂ. ಅಲ್ಲಿನ ಆಫೀಸಿಗೆ ಅರ್ಜಿ ಹಾಕ್ಬೇಕು. ಮೂರು ದಿನ."

ನ್ಯಾಂಗೊ ಕೌಂಟರಿನ ಮೇಲೆ ಬಾಗಿದಳು. "ನಮ್ಮಮ್ಮ ನನ್ನ ಹೆತ್ತಾಗ ಜೋಳದ ಹೊಲದಲ್ಲಿ ಕಳೆ ಕೀಳ್ತಿದ್ಲು, ಮಗಳೇ. ಹೆತ್ತು ಮತ್ತೆ ಕಳೆ ಕಿತ್ಲು. ತಾರೀಖು ಕೇಳೋಕೆ ಪುರುಸೊತ್ತಿರ್ಲಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ಪಕ್ಕದ ಸಾಲಿನಲ್ಲಿ ಚಡ್ಡಿ ತೊಟ್ಟ ಒಬ್ಬ ಕೆಂಪು ಪಾಸ್‌ಪೋರ್ಟಿನವನು ಅದೇ ದ್ವೀಪಕ್ಕೆ ಹೊರಟಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ.

ಬೆನ್ನ ಹಿಂದೆ ಕುಂಟುವ ಹೆಜ್ಜೆ. ಬೆಲಿಂಗ. ಎಲ್ಲ ಕೇಳಿಸಿಕೊಂಡಿದ್ದ. ಚಾಕು ತೆಗೆಯಲಿಲ್ಲ.

"ಸುಮ್ನೆ ಕಾಲು ಸುಡಿಸ್ಕೊಂಡೆ," ಅಂದ. "ಮುದುಕೀನ ತಡೆಯೋಕೆ ನಿನ್ನ ಪೆನ್ನೇ ಸಾಕಾಗಿತ್ತು."

ಅವನು ಹೇಳಿದ್ದು ನಿಜವಾಗಿತ್ತು.

ಹೊರಗೆ ಬಂದೆವು. ನ್ಯಾಂಗೊ ನನ್ನ ಮುಖ ನೋಡಿದಳು.

"ನೀರಿನ ಮೇಲೆ ಕಳಿಸು," ಅಂದಳು.

"ನ್ಯಾಂಗೊ, ನಿಮಗೆ ಈಜು ಬರಲ್ಲ."

"ಹಾರೋಕೂ ಬರಲ್ಲ. ಅದಕ್ಕೆ ನೀನು ಟಿಕೆಟ್ ತೆಗ್ದಿದ್ದೆ ತಾನೆ?"

ನನ್ನ ಗಂಡ ಹೋದದ್ದು ಅದೇ ನೀರಿನಲ್ಲಿ. ನಾಲ್ಕು ವರ್ಷವಾಯಿತು. ಅದರ ಬಗ್ಗೆ ಹೇಳುವುದು ಇಷ್ಟೇ.

ಇಡೆನಾವ್ ದಂಡೆಯಲ್ಲಿ ಮೋಲಾ ಲಿಯೊಂಗ ಅಂತ ಒಬ್ಬ ದೋಣಿಯವನಿದ್ದ. ಶುಕ್ರವಾರ ನಸುಕಿನಲ್ಲಿ ನ್ಯಾಂಗೊಳನ್ನು ಕರೆದುಕೊಂಡು ಅವನ ದೋಣಿಯ ಮುಂದೆ ನಿಂತೆ.

"ನಿನ್ನ ಗಂಡನ್ನ ಕರ್ಕೊಂಡು ಹೋಗಿದ್ದು ನಾನಲ್ಲ," ಅಂದ, ನಾನು ಬಾಯಿ ಬಿಡುವ ಮೊದಲೇ.

"ಗೊತ್ತು. ಅದಕ್ಕೇ ನಿನ್ನ ಹತ್ರ ಬಂದೆ."

"ದೋಣೀಲಿ ಬರೋರನ್ನ ದ್ವೀಪದವ್ರು ಬಿಡಲ್ಲ. ಕಾವಲು ದೋಣಿಯವ್ರು ಕಂಡ್ರೆ ಗುಂಡು ಹಾರಿಸ್ತಾರೆ."

"ಹಾರಿಸ್ಲಿ ಬಿಡು," ಅಂದಳು ನ್ಯಾಂಗೊ, ಸೊಂಟಕ್ಕೆ ಸುತ್ತಿದ ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟುತ್ತ. "ನನ್ನಷ್ಟು ದಪ್ಪಗಿದ್ರೆ ಗುರಿ ಸುಲಭ. ನೀನು ಬದುಕ್ಕೋತೀಯ, ಮೋಲಾ."

ಅವಳ ಕಿವಿಯಲ್ಲಿ ಹೇಳಿದೆ. "ಮೊದಲು ಸಹಿ. ಮಗು ಕೈಗೆ ಬಂದ ಮೇಲೆ ಪೊಲೀಸ್ ಎದುರಾದ್ರೆ ಓಡಬೇಡಿ. ಮಗೂನ ಮಾತ್ರ ಕೆಳಗೆ ಇಳಿಸಬೇಡಿ. ಏನೇ ಆಗ್ಲಿ."

"ಓಡೋ ವಯಸ್ಸಾ ಇದು?"

ದೋಣಿ ಚಿಕ್ಕದಾಯಿತು. ನಾನು ದಂಡೆಯ ಮೇಲೆಯೇ ಕುಳಿತೆ. ಒಂಬತ್ತು ಗಂಟೆಗೆ ದೂರದಲ್ಲಿ ಪಟಪಟ ಸದ್ದು. ಗುಂಡೋ, ಎಂಜಿನ್ನೋ... ತಿಳಿಯಲಿಲ್ಲ. ಹತ್ತಾಯಿತು. ಹನ್ನೊಂದಾಯಿತು. ಹನ್ನೊಂದೂ ನಲವತ್ತಕ್ಕೆ ಫೋನ್ ಬಂತು. ಆಸ್ಪತ್ರೆಯ ನರ್ಸಿನ ನಂಬರು.

"ಸಹಿ ಆಯ್ತು," ಅಂದಳು ನ್ಯಾಂಗೊ. "ಲಿಮುಂಗಳ ಹಣೆಯೇ ಇದೆ ಇವಳದ್ದು. ಗೇಟಲ್ಲಿ ಪೊಲೀಸ್ ನಿಂತಿದ್ದಾರೆ. ಹೋಗ್ಲಾ?"

"ಹೋಗಿ."

ಅವಳ ವೀಸಾ ಅಸಲಿ. ಒಳಬಂದ ಮುದ್ರೆ ಮಾತ್ರ ಇರಲಿಲ್ಲ. ದ್ವೀಪದ ಅಧಿಕಾರಿಗಳು ಬಹಳ ಹೊತ್ತು ಅದನ್ನು ತಿರುವಿ ನೋಡಿದರಂತೆ. ಕಾಗದದ ಪ್ರಕಾರ, ಬರಲು ಅನುಮತಿ ಇದ್ದವಳು ಬಂದಿರಲೇ ಇಲ್ಲ. ಕೊನೆಗೆ ಗಡೀಪಾರು ಅಂತ ಬರೆದರು. ಮಗುವಿಗೂ ಕಾಗದ ಇರಲಿಲ್ಲವಾದ್ದರಿಂದ ಅದನ್ನೂ ಪಟ್ಟಿಗೆ ಸೇರಿಸಿದರು.

ನಾನು ಲೆಕ್ಕ ಹಾಕಿದ್ದು ಅದನ್ನೇ. ಅವರು ಹೊರಹಾಕುವವರನ್ನು ಪ್ರತಿ ಶನಿವಾರ ತಮ್ಮದೇ ಸರಕಾರಿ ವಿಮಾನದಲ್ಲಿ ಕಳಿಸುತ್ತಾರೆ. ನೇರವಾಗಿ. ನಲವತ್ತು ನಿಮಿಷ.

ಶನಿವಾರ ಮೂರಕ್ಕೆ ನ್ಯಾಂಗೊ ಏರ್‌ಪೋರ್ಟಿನ ಬಾಗಿಲು ದಾಟಿ ಬಂದಳು. ಎದೆಗೆ ಕಟ್ಟಿದ ಮಗು ಮಲಗಿತ್ತು. ಗಡೀಪಾರಿನ ಕಾಗದ ನನ್ನ ಕೈಗಿಟ್ಟಳು.

"ಓದು. ನೀನು ಓದಿದವಳು."

ಓದಿದೆ. ಈ ಬಾರಿ ಪೂರ್ತಿ ಓದಿದೆ. ಹೆಣ್ಣು ಶಿಶು, ವಯಸ್ಸು ಹತ್ತು ದಿನ, ಅಕ್ರಮ ವಾಸ. ಮುಂದಿನ ಐದು ವರ್ಷ ಆ ದೇಶದಲ್ಲಿ ಕಾಲಿಡುವಂತಿಲ್ಲ.

ಅದಕ್ಕಿನ್ನೂ ಕತ್ತು ನಿಂತಿರಲಿಲ್ಲ.